ಅಂಚು ಹೊಲಿಯುವವಳ ಮೇಲೆ ಮೂರು ವಿಮರ್ಶೆ

ಬೀದಿಯವರಿಗೆಲ್ಲ ಅವಳು ಟೈಲರಕ್ಕ. ಇಪ್ಪತ್ತಾರು ವರ್ಷದಿಂದ ಅದೇ ಹತ್ತಡಿ ಅಂಗಡಿ, ಅದೇ ಹೊಲಿಗೆ ಯಂತ್ರ. ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಂಡಸರಿಗೆ "ಉಸಿರು ಬಿಡಿ ಸ್ವಾಮಿ, ಪ್ಯಾಂಟ್ ಹಾಕ್ಕೊಂಡ ಮೇಲೂ ಉಸಿರಾಡಬೇಕಲ್ಲ" ಎಂದು ಮುಖಕ್ಕೆ ಹೇಳುವವಳು. ಅಂಥವಳ ಬಾಯಿ ಮುಚ್ಚಿಸಿದ್ದು ಒಂದು ಕಂಪ್ಯೂಟರ್ ಆಟ.

ಆಟ ಕಟ್ಟಿದವಳು ಅವಳ ತಂಗಿ, ನಾಲ್ಕು ವರ್ಷ ಕೂತು. ಎದೆನೋವಿನ ಮುದುಕನೊಬ್ಬ ಮನೆಯಿಂದ ಹೊರಟು, ಆಸ್ಪತ್ರೆಯ ಕೌಂಟರುಗಳನ್ನೆಲ್ಲ ದಾಟಿ, ಡಾಕ್ಟರ ಬಾಗಿಲು ಮುಟ್ಟಬೇಕು. ಒಂದು ಕಡೆ ಚೀಟಿ, ಇನ್ನೊಂದು ಕಡೆ ಮೊಹರು, ಮತ್ತೊಂದು ಕಡೆ ಜೆರಾಕ್ಸ್. ಮುದುಕ ಒಂದು ಹೆಜ್ಜೆ ಇಟ್ಟರೆ ಗುಮಾಸ್ತರೂ ಒಂದು ಹೆಜ್ಜೆ ಇಡುತ್ತಾರೆ, ಅದೇ ಒಂದು ಸರದಿ. ಅವನು ಕದಲದಿದ್ದರೆ ಯಾರೂ ಕದಲುವುದಿಲ್ಲ. ಸುಮ್ಮನೆ ನಿಂತು ಸರದಿ ಕಳೆಯಲು ಬೇರೆ ಗುಂಡಿಯಿದೆ. ಸರದಿಗೊಂದು ಉಸಿರು ಖರ್ಚು, ಇರುವುದು ಮೂವತ್ತು. ಮುಗಿಯಿತೋ, ಮುದುಕ ಸತ್ತ. ಮತ್ತೆ ಮನೆಯಿಂದ ಶುರು, ಅಷ್ಟರಲ್ಲಿ ಕೌಂಟರುಗಳೆಲ್ಲ ಜಾಗ ಬದಲಿಸಿರುತ್ತವೆ.

"ಅದು ಅಪ್ಪನೇ ಅಕ್ಕ," ಎಂದಿದ್ದಳು ತಂಗಿ ಫೋನಿನಲ್ಲಿ. "ಮುಂದಿನ ವಾರ ಬಿಡುಗಡೆ. ವಿಮರ್ಶಕರಿಗೆ ಮೊದ್ಲೇ ಕೊಟ್ಟಿದ್ವಿ, ಅವರು ಬರೆದಿದ್ದನ್ನ ಕಳಿಸ್ತೀನಿ, ಓದು. ಆಟಾನೂ ಆಡಿ ನೋಡು. ನೀನು ಬೇಡ ಅಂದ್ರೆ ಬಿಡಲ್ಲ, ಇಡೀ ಆಟ ಅಳಿಸಿ ಹಾಕ್ತೀನಿ."

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಟೈಲರಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ಮೊದಲನೆಯವನು ಬರೆದಿದ್ದ: "ಮುದುಕನನ್ನು ನಲವತ್ತು ಸಲ ಸಾಯಿಸಿದೆ, ನಲವತ್ತು ಸಲವೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ." ಅವಳ ಮೈ ಉರಿದುಹೋಯಿತು. ಇವನು ಇವನಪ್ಪನನ್ನು ಸಾಯಿಸಿ ನಗಲಿ! ಎರಡನೆಯವನಿಗೆ ಆಟ ಹಿಡಿಸಿರಲಿಲ್ಲ. "ಜಾಣತನಕ್ಕೆ ಇಲ್ಲಿ ಬೆಲೆಯಿಲ್ಲ. ಎಷ್ಟು ಹುಷಾರಾಗಿದ್ದರೂ ಕೊನೆಯ ಕೌಂಟರಿನವನು ಊಟಕ್ಕೆ ಎದ್ದು ಹೋಗುತ್ತಾನೆ. ಇದು ಅನ್ಯಾಯ," ಎಂದಿದ್ದ. ಅನ್ಯಾಯವೇ ಹೌದು, ಆದರೆ ಅಪ್ಪನಿಗೆ ಆದದ್ದೂ ಹಾಗೇ ಅಲ್ಲವೇ? ಬೈದವನ ಮಾತು ಸರಿ ಎನಿಸುತ್ತಿದೆ, ಹೊಗಳಿದವನ ಮೇಲೆ ಸಿಟ್ಟು ಬರುತ್ತಿದೆ. ತಾನು ಯಾರ ಕಡೆ ಎಂಬುದೇ ಅವಳಿಗೆ ತಿಳಿಯದಾಯಿತು.

ಮೂರನೆಯದು ಒಬ್ಬ ಹೆಂಗಸಿನದು. "ಆಟದ ಅತಿ ಒಳ್ಳೆಯ ಜೋಕು ಮೊದಲ ಕೋಣೆಯಲ್ಲೇ ಇದೆ. ಹೊಲಿಗೆ ಯಂತ್ರದ ಮುಂದೆ ಕೂತ ಮಗಳು. 'ಬರ್ತೀಯೇನಮ್ಮಾ?' ಎಂದು ಮುದುಕ ಕೇಳಿದಾಗಲೆಲ್ಲ 'ಈ ಒಂದು ಅಂಚು ಮುಗಿಸಿ ಬರ್ತೀನಿ' ಅನ್ನುತ್ತಾಳೆ. ಮುದುಕ ಎಷ್ಟು ಸಲ ಸತ್ತರೂ ಆ ಅಂಚು ಮುಗಿಯುವುದಿಲ್ಲ."

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ. ಅದು ಅವಳದೇ ಮಾತು. ಹೆಣದ ಮುಂದೆ ಎದೆ ಬಡಿದುಕೊಂಡು ಊರಿಗೆಲ್ಲ ಕೇಳುವಂತೆ ತಾನೇ ಅದನ್ನು ಹೇಳಿ ಅತ್ತಿದ್ದಳು. ಬೇರೆ ಊರಿನಲ್ಲಿ ಓದುತ್ತಿದ್ದು ಸಾವಿನ ಸುದ್ದಿಗೆ ಓಡಿಬಂದಿದ್ದ ತಂಗಿ ಅದನ್ನು ಕೇಳಿಸಿಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದಾಳೆ ಎಂದರೆ, ತಪ್ಪು ಹೊರಿಸುತ್ತಿದ್ದಾಳೆಯೇ? ಅಥವಾ ಮಕ್ಕಳು ಗಾಯದ ಹಕ್ಕಳೆ ಕೀಳುವ ಹಾಗೆ, ನೋವು ಎಂದು ಗೊತ್ತಿದ್ದೂ ಮುಟ್ಟುತ್ತಿದ್ದಾಳೆಯೇ?

ಬಾಗಿಲು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಂಗಿ ಕೊಟ್ಟಿದ್ದ ಹಳೇ ಲ್ಯಾಪ್‌ಟಾಪ್ ಇಟ್ಟು ಅವಳು ಆಟ ಶುರುಮಾಡಿದಳು. ಅಪ್ಪ ಕೆಮ್ಮಿದ. ಬೆರಳುದ್ದದ ಗೊಂಬೆ, ಆದರೂ ಕೆಮ್ಮು ಅವನದೇ. ಮೂರನೇ ಕೌಂಟರಿನಲ್ಲಿ ಗುಮಾಸ್ತ "ನೀವು ಬದುಕಿರೋದಕ್ಕೆ ಪ್ರಮಾಣಪತ್ರ ಎಲ್ಲಿ?" ಎಂದಾಗ ಅಪ್ಪ "ಸಂಜೆ ತನಕ ತಡೀರಿ, ಬೇಕಾಗಲ್ಲ" ಎಂದ. ಟೈಲರಕ್ಕ ಕಿಸಕ್ಕನೆ ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅಪ್ಪ ಸತ್ತ.

ಎರಡನೇ ಸಲ ಅವಳು ಅಪ್ಪನನ್ನು ಮನೆಯಿಂದ ಹೊರಡಿಸಲೇ ಇಲ್ಲ. ಆ ಮಗಳು ಎದ್ದೇಳುವ ತನಕ ಕಾಯೋಣ ಎಂದು ಕಾಯುವ ಗುಂಡಿಯನ್ನೇ ಒತ್ತುತ್ತಾ ಹೋದಳು. ವಿಮರ್ಶಕರಿಗೆ ಅವಸರ, ಕಾದಿರಲಿಕ್ಕಿಲ್ಲ. ತನಗಾದರೆ ಒಂದು ಅಂಚಿಗೆ ಎಷ್ಟು ಹೊತ್ತು ಬೇಕೆಂದು ಗೊತ್ತು. ಹತ್ತು. ಇಪ್ಪತ್ತು. ಯಂತ್ರ ಸದ್ದು ಮಾಡುತ್ತಲೇ ಇತ್ತು. ಮೂವತ್ತಕ್ಕೆ ಅಪ್ಪ ಕುರ್ಚಿಯಲ್ಲೇ ಒರಗಿದ. ಮಗಳು ಕತ್ತೆತ್ತಲಿಲ್ಲ. ಟೈಲರಕ್ಕನ ಕಣ್ಣು ತುಂಬಿ ಬಂತು. ತಂಗಿಗೆ ಫೋನ್ ಹಚ್ಚಿದಳು.

"ಅವಳು ಯಾಕೆ ಏಳಲ್ಲ?"

"ಯಾರು ಅಕ್ಕ?"

"ನಾನು! ನಾನ್ಯಾಕೆ ಏಳಲ್ಲ ಅದ್ರಲ್ಲಿ?" ಅವಳು ಪರದೆಯ ಮೇಲಿನ ಮಗಳಿಗೆ ಬೆರಳಿಟ್ಟಳು. "ಎದ್ದೆ ಕಣೇ ಅವತ್ತು. ಅಂಚು ಮುಗಿಸಿ, ಅಂಗಡಿಗೆ ಬೀಗ ಹಾಕಿ ಓಡಿದೆ. ನಾನು ಹೋಗೋ ಹೊತ್ತಿಗೆ ಅಪ್ಪ ಸಾಲಿನಲ್ಲಿ ಬಿದ್ದಾಗಿತ್ತು, ಮೈ ಇನ್ನೂ ಬಿಸಿ ಇತ್ತು."

"ಆಸ್ಪತ್ರೆಯವರು ಫೋನ್ ಮಾಡಿದ ಮೇಲೆ ಹೋದೆ ಅಂದ್ಕೊಂಡಿದ್ದೆ. ಯಾಕೆ ಹೇಳ್ಲಿಲ್ಲ ನೀನು?"

"ತಡವಾಗಿ ಹೋಗಿದ್ದನ್ನ ಏನಂತ ಹೇಳ್ಕೊಳ್ಳೋದು?"

"ನಿನ್ನ ನಗೆಪಾಟಲು ಮಾಡ್ಬೇಕು ಅಂತಲ್ಲ ಅಕ್ಕ. ಅವತ್ತು ಊರಲ್ಲೇ ಇಲ್ಲದೇ ಇದ್ದೋಳು ನಾನು. ಅಳೋಕೆ ಬರ್ಲಿಲ್ಲ, ಜೋಕು ಮಾಡ್ದೆ." ತಂಗಿ ಮೂಗು ಎಳೆದುಕೊಂಡಳು. "ಬಿಡು, ಅಳಿಸಿ ಹಾಕ್ತೀನಿ."

"ಅಳಿಸ್ಬೇಡ. ಅಪ್ಪ ಕೆಮ್ಮೋದು ಚೆನ್ನಾಗಿದೆ. ಅವಳನ್ನ ಏಳಿಸು, ಅಷ್ಟೆ."

"ಎಷ್ಟನೇ ಸರದಿಗೆ ಏಳಿಸ್ಲಿ? ಇಪ್ಪತ್ತೊಂಬತ್ತಕ್ಕೆ? ಆಗ ಅಪ್ಪನ ಕೈ ಹಿಡ್ಕೊಂಡು ಹೊರಡಬಹುದು."

ಹೌದು ಅನ್ನಲು ಟೈಲರಕ್ಕ ಬಾಯಿ ತೆರೆದಳು. ಎಷ್ಟು ಸುಲಭವಾಗಿತ್ತು! ಆದರೆ ಗಿರಾಕಿಯ ಆಸೆಗಾಗಿ ಅವಳು ಎಂದೂ ಅಳತೆ ಟೇಪನ್ನು ಒಂದಿಂಚೂ ಎಳೆದವಳಲ್ಲ.

"ಮೂವತ್ತೊಂದು," ಎಂದಳು.

"ಮೂವತ್ತಕ್ಕೇ ಆಟ ಮುಗಿದು ಹೋಗುತ್ತಲ್ಲ ಅಕ್ಕ."

"ಮುಗೀಲಿ. ಮುಗಿದ ಮೇಲಾದ್ರೂ ಏಳ್ಲಿ ಅವಳು."