ಅದು ಅಭಿನಯವೇ ಅಲ್ಲವಂತೆ

ವಿಮರ್ಶೆ ಓದಿ ಪೇಪರನ್ನು ಮುದ್ದೆ ಮಾಡಿ ಎಸೆದೆ. ಎಸೆದ ಮೇಲೂ ಸಮಾಧಾನವಾಗಲಿಲ್ಲ. ಎತ್ತಿಕೊಂಡು ಇನ್ನೊಮ್ಮೆ ಓದಿ, ಇನ್ನೊಮ್ಮೆ ಬೈದೆ.

ನನ್ನ ತಂಗಿ ನಾಯಕಿಯಾಗಿದ್ದ ಸಿನೆಮಾ ಅದು. ಸಣ್ಣ ಬಜೆಟ್ಟು, ವಿಚಿತ್ರ ಪ್ರೇಮಕಥೆ. ವರ್ಷಗಟ್ಟಲೆ ಮಾವನ ಸೇವೆ ಮಾಡಿದ ವಿಧವೆಯೊಬ್ಬಳು, ಮಾವ ತೀರಿಹೋದ ಮೇಲೆ, ಹೊಲಿಗೆ ಯಂತ್ರದ ರಿಪೇರಿಗೆ ಬರುವವನನ್ನು ಮೆಚ್ಚುತ್ತಾಳೆ. ನಮ್ಮ ಕಡೆ ಮನೆಯ ಹಿರಿಯರು ಒಳಗೆ ಬರುವ ಮುಂಚೆ ಬಾಗಿಲಲ್ಲೇ ಒಮ್ಮೆ ಕೆಮ್ಮುತ್ತಾರೆ. ಕೇಳಿದ ಸೊಸೆ ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಾಳೆ. ಸಿನೆಮಾದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ದಂಡೆಯ ಮೇಲೆ ಪಕ್ಕದಲ್ಲಿ ಕೂತ ಆ ರಿಪೇರಿಯವನು ಸುಮ್ಮನೆ ಕೆಮ್ಮುತ್ತಾನೆ. ಇವಳ ಕೈ ತಾನಾಗಿ ಸೆರಗಿಗೆ ಹೋಗಿ, ಕಿವಿಯವರೆಗೆ ಬಂದು ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಸೆರಗನ್ನು ಬಿಟ್ಟುಬಿಡುತ್ತಾಳೆ. ಒಂದು ಮಾತಿಲ್ಲ. ಇಡೀ ಸಿನೆಮಾ ನಿಂತಿರುವುದೇ ಅದರ ಮೇಲೆ.

ಆ ಕೈ ತಾನಾಗಿ ಹೋದಂತೆ ಕಾಣಲಿ ಎಂದು ಅವಳು ಬೆಟಗೇರಿಯ ನಮ್ಮ ಮನೆಯಲ್ಲಿ ಪಟ್ಟ ಪಾಡು ನನಗೆ ಗೊತ್ತು. ಕೆಮ್ಮುವ ಕೆಲಸ ನನ್ನದಾಗಿತ್ತು. ಅವಳು ಜೋಳ ಹಸನು ಮಾಡುವಾಗ, ಬಟ್ಟೆ ಹಿಂಡುವಾಗ ನಾನು ಹೇಳದೆ ಕೇಳದೆ ಪಡಸಾಲೆಯಿಂದ ಕೆಮ್ಮಬೇಕು. "ಇದು ನಿನ್ನ ಕೆಮ್ಮಾತು, ಮಾವನ ಕೆಮ್ಮಲ್ಲ. ಇನ್ನೊಮ್ಮಿ ಕೆಮ್ಮು" ಎಂದು ದಬಾಯಿಸುತ್ತಿದ್ದಳು. ಅವ್ವ ನನಗೇನೋ ರೋಗ ಬಂದಿದೆ ಎಂದು ಶುಂಠಿ ಕಷಾಯ ಕುಡಿಸಿದಳು. ಲಕ್ಷ್ಮೇಶ್ವರ, ಶಿರಹಟ್ಟಿ ಅಂತ ಹವ್ಯಾಸಿ ನಾಟಕ ಮಾಡಿ ಮಾಡಿ ಪಳಗಿದವಳು ನನ್ನ ತಂಗಿ. ಜನ ತನ್ನನ್ನು ನಟಿ ಅನ್ನಬೇಕು, ಅದೊಂದೇ ಅವಳ ಆಸೆ.

ಬೆಂಗಳೂರಿನ ವಿಮರ್ಶಕ ಬರೆದದ್ದೇನು? ಇದು ಅಭಿನಯವೇ ಅಲ್ಲ, ಹಳ್ಳಿ ಹೆಣ್ಣಿನ ಮುಗ್ಧ ಸ್ವಭಾವ; ಅದನ್ನು ಹಿಡಿದ ನಿರ್ದೇಶಕನಿಗೆ ಶರಣು ಅಂತ. ಉಳಿದವರೂ ಅದನ್ನೇ ತಿರುಗಿಸಿ ಬರೆದರು. ಒಬ್ಬ ಮಹಾಶಯನಿಗಂತೂ ಅವಳಲ್ಲಿ ಮಣ್ಣಿನ ವಾಸನೆ ಬಡಿಯಿತಂತೆ. ಆ ಮೂಗಿಗೆ ಏನು ಹೇಳಲಿ? ನಮ್ಮದು ಟೈಲ್ಸ್ ಹಾಕಿದ ಮನೆ, ದಿನಾ ಫಿನೈಲ್ ಹಾಕಿ ಒರೆಸುತ್ತೇವೆ.

ಊರವರಾದರೂ ನೆಟ್ಟಗಿದ್ದರೇ? ಗದಗಿನಲ್ಲಿ ಸಿನೆಮಾ ತೋರಿಸಿದ ದಿನ, ಮುಂಡರಗಿಯಿಂದ ಬಂದಿದ್ದ ನಮ್ಮ ದೊಡ್ಡವ್ವ ಹೊರಗೆ ಬರುತ್ತಲೇ ಎಲ್ಲರ ಮುಂದೆ, "ಸೆರಗ ಹೊತ್ಕೊಳ್ಳೋದು ನಾವು ದಿನಾ ಮಾಡ್ತೀವಿ. ಇದ್ರಾಗ ಇಕಿ ಮಾಡಿದ್ದೇನೈತಿ?" ಅಂದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ನಿರ್ದೇಶಕ ತಂಗಿಗೆ ಫೋನು ಮಾಡಿ, ಮುಂದಿನ ಸಿನೆಮಾಕ್ಕೂ ನೀವೇ ಎಂದ. ಆದರೆ ನಾಟಕದ ಸುದ್ದಿ ಎಲ್ಲೂ ಎತ್ತಬೇಡಿ, ಏನೂ ಗೊತ್ತಿಲ್ಲದವರು ಅಂತಲೇ ಜನ ನಿಮ್ಮನ್ನು ಮೆಚ್ಚಿದ್ದಾರೆ ಎಂದ.

"ಅವನ ಮಾರಿಗಿ ಉಗುಳು" ಅಂದೆ.

"ಉಗುಳಿದ್ರ ಪಾರ್ಟ್ ಹೋಗ್ತೈತಿ. ನಂಗ ಪಾರ್ಟ್ ಬೇಕು" ಅಂದಳು.

ಹುಬ್ಬಳ್ಳಿಯಲ್ಲಿ ಚಿತ್ರತಂಡದ ಜೊತೆ ಸಂವಾದವಿತ್ತು. ಅವಳ ಜೊತೆ ನಾನೂ ಹೋದೆ. ಅಭಿನಯ ಎಲ್ಲಿ ಕಲಿತಿರಿ ಎಂದು ನಿರೂಪಕಿ ಕೇಳಿದಳು. ತಂಗಿ ತನ್ನ ಮುಂದೆ ಬಂದ ಮೈಕನ್ನು ಕಂಡು, ಅದನ್ನು ಎಂದೂ ನೋಡಿರದವಳ ಹಾಗೆ ತುಸು ಹಿಂದೆ ಸರಿದಳು. ನಿರ್ದೇಶಕನ ಕಡೆ ಒಮ್ಮೆ ನೋಡಿದಳು.

"ನಂಗೇನ್ ಬರ್ತೈತ್ರಿ? ಸರ್ ನಿಂದ್ರು ಅಂದಲ್ಲಿ ನಿಂತೇನಿ" ಎಂದು ತುಟಿ ಕಚ್ಚಿ ನಕ್ಕಳು.

ಸಭೆ ಚಪ್ಪಾಳೆ ತಟ್ಟಿತು. ವಿಮರ್ಶಕರು ಕೂತಿದ್ದ ಸಾಲಿನಲ್ಲಿ ಒಬ್ಬ ಕಣ್ಣು ಒರೆಸಿಕೊಂಡ. ಥೂ.

ಗದಗಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು, "ಹೆಂಗ ಮಾಡ್ದೆ ಅಣ್ಣಾ? ಜಾಸ್ತಿ ಆತೇನು?"

ಅವಳ ಪ್ರತಿಯೊಂದು ಪಾತ್ರಕ್ಕೂ ಏನಾದರೊಂದು ಕೊಂಕು ತೆಗೆದವನು ನಾನು. ಅವತ್ತು ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಳು. ಹೇಸಿಗೆಯಾಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.