ಧಾರೆಯ ಫೋಟೊದಲ್ಲಿ ಅಕ್ಕನ ನೆರಳು

ಸತ್ತವರನ್ನು ಬದುಕಿರುವವರ ಪಕ್ಕದಲ್ಲಿ ನಿಲ್ಲಿಸುವುದು ಬಹಳ ವರ್ಷ ನನ್ನ ಕಸುಬಾಗಿತ್ತು. ಹಲಸೂರು ಬಜಾರಿನ ಹಿಂದಿನ ಗಲ್ಲಿಯಲ್ಲಿ ನನ್ನ ಸ್ಟುಡಿಯೊ ಇತ್ತು. ಮಗನ ಮದುವೆ ನೋಡದೆ ಹೋದ ತಂದೆ, ಮೊಮ್ಮಗನನ್ನು ಎತ್ತಿಕೊಳ್ಳದೆ ಹೋದ ಅಜ್ಜಿ, ಇಂಥವರ ಹಳೆಯ ಪಾಸ್‌ಪೋರ್ಟ್ ಸೈಜ್ ಫೋಟೊ ತಂದು ಇವರನ್ನು ನಮ್ಮ ಜೊತೆ ಸೇರಿಸಿಕೊಡಿ ಎಂದು ಜನ ಕೇಳುತ್ತಿದ್ದರು. ಮೊದಮೊದಲು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ, ಅಂಚಿಗೆ ಬ್ರಷ್ ಆಡಿಸಿ ಮತ್ತೆ ಫೋಟೊ ತೆಗೆಯುತ್ತಿದ್ದೆ. ಅಂಟಿಸಿದ್ದು ಎಂದು ಎಂಥವರಿಗೂ ಗೊತ್ತಾಗುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ ಕಂಪ್ಯೂಟರ್ ತಂದುಕೊಂಡ ಮೇಲೆ ಕೆಲಸ ಬೇರೆಯಾಯಿತು.

ಉಳಿದ ಸ್ಟುಡಿಯೊದವರು ಮುಖವನ್ನು ಚೆನ್ನಾಗಿ ಕತ್ತರಿಸಿದರೆ ಸಾಕು ಎಂದುಕೊಳ್ಳುತ್ತಿದ್ದರು. ನಾನು ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿದ್ದೆ. ಪಾಸ್‌ಪೋರ್ಟ್ ಫೋಟೊದಲ್ಲಿ ಬೆಳಕು ಎದುರಿನಿಂದ ಬಿದ್ದು ಎರಡೂ ಕೆನ್ನೆ ಒಂದೇ ಸಮ ಇರುತ್ತವೆ. ಮದುವೆ ಮಂಟಪದಲ್ಲಾದರೆ ವಿಡಿಯೊದವರ ದೊಡ್ಡ ಲೈಟು ಒಂದೇ ಪಕ್ಕದಿಂದ ಹೊಡೆಯುತ್ತದೆ. ಹಾಗಾಗಿ ಒಂದು ಕೆನ್ನೆಯನ್ನು ಕಪ್ಪಾಗಿಸಬೇಕು. ಮೂಗಿನ ಪಕ್ಕ, ಗಲ್ಲದ ಕೆಳಗೆ, ಕುತ್ತಿಗೆಯ ಮೇಲೆ ನೆರಳು ಕೂರಿಸಬೇಕು. ಕಾಲು ನೆಲಕ್ಕೆ ತಾಗುವಲ್ಲಿ ಗಾಢವಾದ ನೆರಳು ಬೇಕು. ಕೊನೆಯದಾಗಿ, ಆ ವ್ಯಕ್ತಿಯ ನೆರಳು ಪಕ್ಕದಲ್ಲಿ ನಿಂತವರ ಮೇಲೆ ಬೀಳಬೇಕು. ಅದೊಂದು ಇಲ್ಲದಿದ್ದರೆ ಮನುಷ್ಯ ಗೋಡೆಗೆ ಹಚ್ಚಿದ ಚೀಟಿಯಂತೆ ಕಾಣುತ್ತಾನೆ. ಇದನ್ನು ನಾನು ಮನೆಗೆ ಬಂದವರಿಗೆಲ್ಲ ಊಟದ ನಡುವೆಯೂ ವಿವರಿಸುತ್ತಿದ್ದೆ. ಅಕ್ಕನಿಗಂತೂ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ನನ್ನನ್ನು ಸಾಕಿದವಳು ಅಕ್ಕ. ಅಪ್ಪ ಅಮ್ಮ ಬೇಗ ಹೋದರು. ವಿಮಾನಪುರದ ಕ್ವಾರ್ಟರ್ಸಿನ ಅವಳ ಮನೆಯ ವರಾಂಡದಲ್ಲಿ ಓದಿ ನಾನು ಹೈಸ್ಕೂಲು ಮುಗಿಸಿದೆ. ಮುಂದೆ ಓದುವುದಿಲ್ಲ ಎಂದಾಗ ಭಾವ ಬೈದರು. ಬೇಡ ಅಂದಮೇಲೆ ಬಲವಂತ ಯಾಕೆ ಎಂದು ಅಕ್ಕ ಕ್ಯಾಮರಾ ಕೊಡಿಸಿದಳು. ಆಮೇಲೆ ಭಾವ ಎದೆನೋವಿನಿಂದ ತೀರಿಕೊಂಡರು. ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಅಕ್ಕನಿಗೆ ಒಂದು ಕೆಲಸ ಸಿಕ್ಕಿತು. ಒಬ್ಬಳೇ ಮಗಳನ್ನು ಓದಿಸಿ, ಗಂಡು ಹುಡುಕಿ, ತೊಂಬತ್ತರ ದಶಕದ ನಡುವೆ ಹಲಸೂರಿನ ಛತ್ರದಲ್ಲಿ ಮದುವೆ ಮಾಡಿದಳು. ಸೋದರಮಾವನಾದ ನಾನೇ ಫೋಟೊಗ್ರಾಫರ್.

ಧಾರೆ ಎರೆಯಲು ಭಾವನ ಅಣ್ಣ ಮತ್ತು ಅವರ ಹೆಂಡತಿ ಕೂತರು. ವಿಧವೆ ಧಾರೆ ಎರೆಯುವಂತಿಲ್ಲವಲ್ಲ. ಅಕ್ಕ ಅದನ್ನು ಮೊದಲೇ ಒಪ್ಪಿಕೊಂಡಿದ್ದಳು. ಆದರೆ ನೀರು ಬಿಡುವ ಹೊತ್ತಿಗೆ ತಡೆಯಲಾಗದೆ ಬಲಗಡೆಯ ಮೆಟ್ಟಿಲು ಹತ್ತಿ ಮಂಟಪದ ಅಂಚಿಗೆ ಬಂದು ನಿಂತಳು. ವಿಡಿಯೊದ ಲೈಟು ಅವಳ ಬೆನ್ನಿಗಿತ್ತು. ಅವಳ ನೆರಳು ಉದ್ದವಾಗಿ ಮಗಳ ಬಿಳಿಯ ಧಾರೆ ಸೀರೆಯ ಮೇಲೆ ಬಿತ್ತು. ಅಕ್ಕನ ವಾರಗಿತ್ತಿ, ಎಂದರೆ ಧಾರೆಗೆ ಕೂತಿದ್ದಾಕೆ, ಅದನ್ನು ನೋಡಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು.

"ಮದುಮಗಳ ಮೇಲೆ ಅವಳ ನೆರಳು ಬೀಳ್ತಿದೆ ಕಣಪ್ಪ. ನಾನು ಹೇಳಿದ್ರೆ ಚೆನ್ನಾಗಿರಲ್ಲ, ನೀನು ಹೇಳು."

ಆಗುವುದಿಲ್ಲ ಎನ್ನಬಹುದಿತ್ತು. ನಾನು ಕ್ಯಾಮರಾ ಕಣ್ಣಿಗಿಟ್ಟುಕೊಂಡು, ಎಲ್ಲರಿಗೂ ಕೇಳುವಂತೆ, ಬರೀ ಫೋಟೊದ ವಿಷಯ ಎಂಬ ಧಾಟಿಯಲ್ಲಿ ಹೇಳಿದೆ:

"ಅಕ್ಕ, ಸ್ವಲ್ಪ ಕೆಳಗಿಳಿ. ಫೋಟೊಗೆ ನೆರಳು ಬರ್ತಿದೆ."

ಅಕ್ಕ ವಾರಗಿತ್ತಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದಳು. ಆಮೇಲೆ ಸೆರಗು ಎಳೆದುಕೊಂಡು ಮೆಟ್ಟಿಲಿಳಿದು ಊಟದ ಹಾಲಿಗೆ ಹೋದಳು. ನಾನು ಕ್ಲಿಕ್ ಮಾಡಿದೆ. ಆ ಫೋಟೊ ಬಹಳ ಚೆನ್ನಾಗಿ ಬಂತು, ಸೀರೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಬಹಳ ದಿನ ಅದು ನನ್ನ ಸ್ಟುಡಿಯೊದ ಗಾಜಿನ ಹಿಂದೆ ಮಾದರಿಯಾಗಿ ನಿಂತಿತ್ತು.

ಅವತ್ತು ಅವಳು ಮತ್ತೆ ಮಂಟಪ ಹತ್ತಲಿಲ್ಲ, ಇಡೀ ಆಲ್ಬಮ್ಮಿನಲ್ಲಿ ಅಕ್ಕ ಇರಲಿಲ್ಲ. ಕೆಲವು ವರ್ಷದ ನಂತರ, ಹೊರಮಾವಿನಲ್ಲಿ ಮಗಳ ಮನೆ ಸೇರಿದ್ದ ಅಕ್ಕನ ತೊಡೆಯ ಮೇಲೆ ಕೂತು ಮೊಮ್ಮಗಳು ಪುಟ ತಿರುವುತ್ತ, ಅಮ್ಮನ ಮದುವೆಗೆ ನೀನು ಬಂದಿರಲಿಲ್ಲವಾ ಅಜ್ಜಿ ಎಂದು ಕೇಳಿತಂತೆ. ಮಾರನೆಯ ದಿನ ಅಕ್ಕ ಸ್ಟುಡಿಯೊಗೆ ಫೋನ್ ಮಾಡಿದಳು.

"ಕಂಪ್ಯೂಟರ್‌ನಲ್ಲಿ ಸತ್ತೋರ್ನೆಲ್ಲ ತಂದು ನಿಲ್ಲಿಸ್ತೀಯಲ್ಲ, ಬದುಕಿರೋರ್ನ ನಿಲ್ಸೋಕೆ ಬರುತ್ತೇನೋ?"

ನಾನು ನಕ್ಕೆ. ಅವಳೂ ನಕ್ಕಳು. ಧಾರೆಯ ಫೋಟೊದಲ್ಲಿ ಮಗಳ ಪಕ್ಕ ತನ್ನನ್ನು ನಿಲ್ಲಿಸಿಕೊಡಬೇಕು, ಅಷ್ಟೇ ಅವಳು ಕೇಳಿದ್ದು. ಹಣೆಗೆ ಕುಂಕುಮ ಇಡಲೇ ಎಂದೆ. "ಏನೂ ಬೇಡ. ಹೆಂಗಿದ್ನೋ ಹಂಗೇ ನಿಲ್ಸು," ಎಂದಳು.

ಈಗಿನ ಮುಖ ತೆಗೆದು ಸೇರಿಸುವಂತಿರಲಿಲ್ಲ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಳೆಯ ನೆಗೆಟಿವ್‌ಗಳನ್ನೆಲ್ಲ ಹುಡುಕಿದಾಗ ಒಂದೇ ಒಂದು ಸಿಕ್ಕಿತು. ಅವತ್ತು ರೋಲಿನಲ್ಲಿ ಉಳಿದಿದ್ದ ಒಂದು ಫ್ರೇಮು ಮುಗಿಸಿಬಿಡೋಣ ಎಂದು ಊಟದ ಹಾಲಿನಲ್ಲಿ ತೆಗೆದದ್ದು. ಬಾಳೆಲೆ ಕಟ್ಟುಗಳ ಪಕ್ಕ ಕಿಟಕಿಯ ಸರಳು ಹಿಡಿದು ಅಕ್ಕ ನಿಂತಿದ್ದಳು. ಅದನ್ನು ಶಿವಾಜಿನಗರಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದೆ. ಕಿಟಕಿಯ ಬೆಳಕು ಅವಳ ಮುಖಕ್ಕೆ ಎಡಗಡೆಯಿಂದ ಬಿದ್ದಿತ್ತು. ಮಂಟಪದಲ್ಲಿ ಬೆಳಕು ಬಲಗಡೆಯದು. ಮುಖವನ್ನು ಮಾತ್ರ ಕನ್ನಡಿಯಲ್ಲಿದ್ದಂತೆ ತಿರುಗಿಸಿದೆ. ಕೆನ್ನೆಯ ಮಚ್ಚೆ ಆ ಕಡೆಗೆ ಹೋಯಿತು, ಅದನ್ನು ಹಿಡಿದು ಮತ್ತೆ ಈ ಕಡೆಗೆ ತಂದೆ. ಕಿಟಕಿಯ ಬೆಳಕು ತಣ್ಣಗೆ ನೀಲಿ, ವಿಡಿಯೊದ್ದು ಹಳದಿ. ಅದನ್ನೂ ಹೊಂದಿಸಿದೆ. ಕುತ್ತಿಗೆಗೆ, ಸೆರಗಿನ ನೆರಿಗೆಗಳಿಗೆ ನೆರಳು ಕೊಟ್ಟೆ. ಅಷ್ಟು ಮನಸ್ಸಿಟ್ಟು ಯಾರ ಕೆಲಸವನ್ನೂ ಮಾಡಿರಲಿಲ್ಲ.

ಕೊನೆಗೆ ಉಳಿದದ್ದು ಮಗಳ ಬಿಳಿ ಸೀರೆಯ ಮೇಲೆ ಬೀಳಬೇಕಾದ ಅವಳ ನೆರಳು. ಹಾಕಿದೆ. ಹಾಕಿದ ಕೂಡಲೇ ಅಕ್ಕ ನಿಜವಾಗಿ ಅಲ್ಲಿ ನಿಂತಳು. ಚಿತ್ರ ಅವತ್ತಿನಂತೆಯೇ ಆಯಿತು. ಆಗ ನನಗೆ ಭಯವಾಯಿತು. ಅಕ್ಕನ ಮಗಳು ಮತ್ತೆ ಬಸುರಿಯಾಗಿದ್ದಳು. ಬರೀ ಚಿತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ತುಂಬಿದ ಬಸುರಿಯ ಮೇಲೆ ವಿಧವೆಯ ನೆರಳನ್ನು ನನ್ನ ಕೈಯಾರೆ ಎಳೆಯುವುದೇ ಎನಿಸಿತು. ನೆರಳಿನ ಪದರವನ್ನು ಅಳಿಸಿ, ಹಾಗೆಯೇ ಪ್ರಿಂಟ್ ಹಾಕಿಸಿದೆ. ವಾರಗಿತ್ತಿ ಈ ಸಲ ನನಗೆ ಏನೂ ಹೇಳಿರಲಿಲ್ಲ.

ಹೊರಮಾವಿನ ಮನೆಯಲ್ಲಿ ಅಕ್ಕ ಕನ್ನಡಕ ಒರೆಸಿಕೊಂಡು ಫೋಟೊವನ್ನು ಬಾಲ್ಕನಿಯ ಬಿಸಿಲಿಗೆ ಹಿಡಿದಳು. ಮೊದಲು ಮುಖ ಅರಳಿತು. ಸೀರೆಯ ಬಣ್ಣ ಸರಿಯಾಗಿ ಬಂದಿದೆ ಎಂದಳು. ಆಮೇಲೆ ಬೆರಳಿನಿಂದ ಒಬ್ಬೊಬ್ಬರನ್ನೇ ಮುಟ್ಟುತ್ತ ಹೋಗಿ ಮಗಳ ಸೀರೆಯ ಮೇಲೆ ನಿಲ್ಲಿಸಿದಳು.

"ಎಲ್ಲಾರ ನೆರಳೂ ಇದೆ. ನಂದೆಲ್ಲೋ?"

ಅದು ಕಂಪ್ಯೂಟರ್‌ನಲ್ಲಿ ಕಷ್ಟ ಅಕ್ಕ ಎಂದೆ.

"ಎದುರುಮನೆಯೋರ ಅಪ್ಪಂಗೆ ಕಾಲ್ ಕೆಳಗೂ ನೆರಳು ಹಾಕ್ಕೊಟ್ಟಿದ್ಯಲ್ಲೋ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸರಿಮಾಡಿ ತರುತ್ತೇನೆ ಎಂದು ಕೈ ಚಾಚಿದರೆ ಫೋಟೊ ಕೊಡಲಿಲ್ಲ. "ಇರ್ಲಿ ಬಿಡು. ಬೀಳಬಾರ್ದು ಅಂತಾನೇ ಅಲ್ವಾ ಅವತ್ತು ಇಳಿಸಿದ್ದು."

ಫೋಟೊವನ್ನು ಬೀರುವಿನಲ್ಲಿ ಹಳೆಯ ಸೀರೆಗಳ ಕೆಳಗಿಟ್ಟು ನನಗೆ ಕಾಫಿ ಮಾಡಿಕೊಟ್ಟಳು. ಮೊಮ್ಮಗಳಿಗೆ ಅದನ್ನು ತೋರಿಸಲೇ ಇಲ್ಲ. ವಾಪಸ್ ಬರುವಾಗ ಬಸ್ಸು ಬದಲಿಸಲು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದು, ಹಲಸೂರಿನ ಬಸ್ಸುಗಳು ಒಂದರ ಹಿಂದೊಂದು ಹೋಗುವುದನ್ನು ನೋಡುತ್ತ ನಿಂತೇ ಇದ್ದೆ.

ಹೆರಿಗೆ ಆಗಲಿ, ಆಮೇಲೆ ಸರಿಮಾಡಿಕೊಡೋಣ ಎಂದುಕೊಂಡೆ. ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ನಾಮಕರಣ ಮುಗಿಯಲಿ ಎಂದುಕೊಂಡೆ. ಆಮೇಲೆ ಮದುವೆ ಸೀಸನ್ ಬಂತು. ಹಾಗೆ ದಿನ ತಳ್ಳುತ್ತಿರುವಾಗಲೇ ಒಂದು ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕುಸಿದಳು. ಮತ್ತೆ ಮಾತು ಬರಲಿಲ್ಲ. ಆ ವಾರ ದಾಟಲಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ ಸ್ಟುಡಿಯೊದ ಬಾಗಿಲು ಹಾಕಿಕೊಂಡು ಕೂತೆ. ಸೀರೆಯ ಮೇಲೆ ಅವಳ ನೆರಳನ್ನು ಹಾಕಿದೆ. ಹೆಗಲು, ಸೆರಗಿನ ಅಂಚು, ತುರುಬು ಎಲ್ಲ ಗುರುತು ಸಿಗುವ ಹಾಗೆ. ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟು ಮಾಡಲು ನನಗೆ ಅವಳು ಸಾಯಬೇಕಾಯಿತು.

ವೈಕುಂಠ ಸಮಾರಾಧನೆಗೆ ಫೋಟೊ ಬೇಕೆಂದು ಅಕ್ಕನ ಮಗಳು ಬಂದಳು. ಬೀರುವಿನಲ್ಲಿ ಸಿಕ್ಕ ಆ ಪ್ರಿಂಟನ್ನೇ ಕೈಯಲ್ಲಿ ಹಿಡಿದಿದ್ದಳು. ಅತ್ತು ಕಣ್ಣು ಊದಿತ್ತು.

"ಮಾಮ, ಇದ್ರಲ್ಲಿ ಅಮ್ಮ ಎಷ್ಟ್ ಚೆನ್ನಾಗಿದಾಳೆ. ಅವಳನ್ನ ಮಾತ್ರ ಕಟ್ ಮಾಡಿ, ಹಿಂದೆ ನೀಲಿ ಹಾಕ್ಕೊಡಿ."

ಕಂಪ್ಯೂಟರಿನಲ್ಲಿ ಹೊಸ ಚಿತ್ರ ತೆರೆದೇ ಇತ್ತು. ಆ ನೆರಳು ಯಾರದು, ಮೊದಲು ಯಾಕೆ ಇರಲಿಲ್ಲ ಎಂದು ಅವಳಿಗೆ ಹೇಳಬೇಕಿತ್ತು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಂತೆ ಅಕ್ಕನನ್ನು ಮಂಟಪದಿಂದ ಇನ್ನೊಮ್ಮೆ ಕತ್ತರಿಸಿ ತೆಗೆದೆ. ನೆರಳು ಸೀರೆಯ ಮೇಲೆಯೇ ಉಳಿಯಿತು. ಹಿಂದೆ ನೀಲಿ ತುಂಬಿದೆ.

ಹೊರಮಾವಿನ ಮನೆಗೆ ಹೋದಾಗಲೆಲ್ಲ ಆ ಚೌಕಟ್ಟಿಗೆ ಕೈ ಮುಗಿಯಬೇಕು. ಅಲ್ಲಿ ಗಂಧದ ಹಾರದ ಹಿಂದೆ ಇರುವುದು ನಾನು ತಿರುಗಿಸಿದ ಮುಖ, ನಾನು ಜಾಗ ಬದಲಿಸಿದ ಮಚ್ಚೆ. ಸಣ್ಣ ವಿದ್ಯುತ್ ದೀಪವನ್ನು ಚೌಕಟ್ಟಿನ ಎಡಕ್ಕೆ ಕಟ್ಟಿದ್ದಾರೆ. ಅಕ್ಕನ ಮುಖದ ಬೆಳಕು ಬಲಗಡೆಯಿಂದ ಬಂದದ್ದು. ಆ ಮನೆಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ.