ನಾಲ್ಕನೆಯ ಖಾಲಿ ಚೌಕ

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಒಂದೇ ಕಪ್ ಚಹಾ ಸೋಸಿಕೊಂಡು ಕುಡಿದು, ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕಲು ಕೂತೆ. ನುಸಿಗುಳಿಗೆಯ ವಾಸನೆಯ ನಡುವೆ ಹಸಿರು ಖಣವೊಂದು ಕೈಗೆ ಬಂತು. ಹೊಲಿಸದೇ ಉಳಿದ ರವಿಕೆಯ ಬಟ್ಟೆ. ಮಡಿಕೆಯ ಗೆರೆಯಲ್ಲಿ ಮಾತ್ರ ಬಣ್ಣ ಹೋಗಿತ್ತು. ಹುಕ್ಕೇರಿಯ ಕಾನ್ವೆಂಟಿನಲ್ಲಿ ನನಗೆ ಗಣಿತ ಕಲಿಸಿದ ಟೀಚರ್ ತಂದದ್ದು…

ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಸೆರಗಿಗೆ ಸದಾ ಸೀಮೆಸುಣ್ಣದ ಪುಡಿ ಹತ್ತಿರುತ್ತಿತ್ತು. ಒಮ್ಮೆ ಹಲಗೆಯ ಮೇಲೆ ನಾಲ್ಕು ಚೌಕ ಬರೆದರು. ಮೂರರಲ್ಲಿ 'ಎಲ್ಲರೂ', 'ಕೆಲವರು', 'ಯಾರೂ ಇಲ್ಲ' ಎಂದು ತುಂಬಿ, ನಾಲ್ಕನೆಯದನ್ನು ಖಾಲಿ ಬಿಟ್ಟರು.

"'ಎಲ್ಲರೂ ಅಲ್ಲ' ಅನ್ನೂದಕ್ಕ ಒಂದ ಶಬ್ದ ಹೇಳ್ರಿ ನೋಡೂಣು."

ಕನ್ನಡದಲ್ಲಿ ಹುಡುಕಿದೆವು, ಮರಾಠಿಯಲ್ಲಿ ಹುಡುಕಿದೆವು. 'ಯಾರೂ ಇಲ್ಲ' ಎನ್ನಲು ಒಂದೇ ಶಬ್ದ ಇಟ್ಟುಕೊಂಡಿರುವ ಇಂಗ್ಲಿಷಿನಲ್ಲೂ ಇದಕ್ಕೆ ಇರಲಿಲ್ಲ.

"ಯಾಕ ಇಲ್ರಿ ಟೀಚರ್?" ಎಂದೆ.

"ಕೆಲವ್ರು ಅಂದ ಕೂಡ್ಲೆ ಉಳಿದವ್ರು ಅಲ್ಲಂತ ತಿಳೀತೈತಿ. ತಾನಾಗೇ ತಿಳಿಯೂದಕ್ಕ ಮತ್ತ ಬ್ಯಾರೆ ಶಬ್ದ ಯಾರ್ ಮಾಡ್ತಾರ, ಹುಚ್ಚಿ?" ಎಂದು ನಕ್ಕಿದ್ದರು.

ಮುಂದೆ ಮೂಡಲಗಿಯಲ್ಲಿ, ಅತ್ತೆಯ ಮನೆಯಲ್ಲಿ, ನನ್ನ ಚೊಚ್ಚಲ ಬಸಿರಿಗೆ ಕುಬುಸದ ಕಾರ್ಯ ಮಾಡಿದರು. ನಾನೇ ಪತ್ರ ಬರೆದು ಕರೆದಿದ್ದೆ. ಟೀಚರ್ ಎರಡು ಬಸ್ಸು ಬದಲಿಸಿ ಬಂದರು, ಚೀಲದಲ್ಲಿ ಈ ಖಣ. ಉಡಿ ತುಂಬುವ ಹೊತ್ತಾಯಿತು. ಅತ್ತೆ ಅಕ್ಕಿಯ ತಟ್ಟೆ ಹಿಡಿದು, "ಎಲ್ಲಾರೂ ಬರ್ರಿ, ಉಡಿ ತುಂಬ್ರಿ" ಎಂದರು. ಟೀಚರ್ ಖಣ ಹಿಡಿದು ಎದ್ದರು. ಅತ್ತೆಯ ಕಣ್ಣು ಅವರ ಬರಿಗೊರಳಿನ ಮೇಲೆ ಬಿತ್ತು. ದನಿ ಮೆತ್ತಗೆ ಮಾಡಿ, "ಕೆಲವ್ರು ಬಂದ್ರ ಸಾಕ್ರಿ" ಎಂದರು.

ಟೀಚರ್ ಕೂತರು. ನನ್ನತ್ತ ಒಮ್ಮೆ ನೋಡಿದರು. 'ನೀವೂ ಬರ್ರಿ ಟೀಚರ್' ಎಂದಿದ್ದರೆ ಸಾಕಿತ್ತು. ನಾನು ಉಡಿಯಲ್ಲಿನ ಅಕ್ಕಿಯನ್ನೇ ನೋಡುತ್ತ ಕೂತೆ… ತಲೆ ಎತ್ತಿದಾಗ ಕುರ್ಚಿಯ ಮೇಲೆ ಖಣ ಮಾತ್ರ ಇತ್ತು.

ಆಮೇಲೆ ಪತ್ರ ಬರೆಯಲು ಎಷ್ಟೋ ಸಲ ಕೂತೆ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಬರೆದಿದ್ದದ್ದು ಅರ್ಧ ಸಾಲು: 'ಟೀಚರ್, ಅವತ್ತು…'

ಈಗ ನನ್ನ ಯಜಮಾನರೂ ಹೋಗಿ ಎರಡು ವರ್ಷ. ಗೋಕಾಕದ ಈ ಮನೆಯಲ್ಲಿ ನಾನೊಬ್ಬಳೇ. ಖಣವನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರವಿ, ಅದೇ ಗೆರೆಯ ಮೇಲೆ ಮಡಚಿ ಒಳಗಿಟ್ಟೆ.

ಸಂಜೆ ಬಾಜೂ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕೂಗಿದಳು: "ಅಕ್ಕಾರ, ನಾಳೆ ನಮ್ಮ ಮೊಮ್ಮಗಳ ತೊಟ್ಟಿಲ ಕಾರ್ಯ ಐತ್ರಿ. ಓಣಿ ಹೆಣ್ಮಕ್ಕಳೆಲ್ಲಾ ಬರಾಕತ್ತಾರ. ನಿಮ್ಮ ಗೇಟ ಒಂದೀಟು ತಗದಿಡ್ರಿ, ಬಂದವ್ರ ಗಾಡಿ ನಿಂದ್ರಸಾಕ ಬೇಕಾಗ್ತೈತಿ."